ನೈಟ್ ಡ್ಯೂಟಿ ಇಳಿದ ಬೆಳಿಗ್ಗೆಯೇ ಲಸಿಕೆ ಹಾಕಿಸಿಕೊಂಡರೆ ಫಲ ಕಡಿಮೆಯಾ? ನಿದ್ದೆಗೇಡು, ವೈರಸ್, ಪ್ರತಿಕಾಯ

ವಾರ್ಡ್‌ರಾತ್ರಿ:

ಆಸ್ಪತ್ರೆ ಸಿಬ್ಬಂದಿಗೆ ಫ್ಲೂ ಲಸಿಕೆ, ಹೆಪಟೈಟಿಸ್ ಬಿ ಲಸಿಕೆ ಕೊಡುವ ಶಿಬಿರಗಳು ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ 11ರ ನಡುವೆ ಇರುತ್ತವೆ. ರಾತ್ರಿ 8ಕ್ಕೆ ಬಂದು ಬೆಳಿಗ್ಗೆ 8ಕ್ಕೆ ಇಳಿಯುವ ನರ್ಸ್‌ಗಳು "ಹೇಗೂ ಇಲ್ಲೇ ಇದ್ದೀವಲ್ಲ" ಅಂತ ಅದೇ ಸಾಲಲ್ಲಿ ನಿಂತು, ಚುಚ್ಚಿಸಿಕೊಂಡು ಮನೆಗೆ ಹೋಗ್ತಾರೆ. ಆರು ರಾತ್ರಿ ಸತತ ಡ್ಯೂಟಿ, ಆಮೇಲೆ ಎರಡು ದಿನ ರಜೆ, ನಂತರ ಹಗಲು ಪಾಳಿ ಅನ್ನೋ ಪಟ್ಟಿಯಲ್ಲಿ ಹಗಲು ಸಿಗೋ ನಿದ್ದೆ ಐದು ಗಂಟೆ ಅಂತಿಟ್ಟುಕೊಳ್ಳಿ.

ತಿಳಿಯಬೇಕಾದ್ದು ಇಷ್ಟು. ನಿದ್ದೆ ಕಡಿಮೆಯಾದಾಗ ವೈರಸ್ ವಿರುದ್ಧದ ರಕ್ಷಣೆಯಲ್ಲಿ ನಿಜಕ್ಕೂ ಕೆಡೋದು ಯಾವ ಭಾಗ? "ಇಮ್ಯೂನಿಟಿ ಇಳಿಯುತ್ತೆ" ಅನ್ನೋದು ಉತ್ತರ ಅಲ್ಲ. ಲಸಿಕೆಗೆ ಮುಂಚಿನ ನಿದ್ದೆ ಮುಖ್ಯವೋ, ನಂತರದ್ದೋ? ಹೆಪಟೈಟಿಸ್ ಬಿ ಮೂರು ಡೋಸ್ ಮುಗಿಸಿದವರಿಗೆ ರಕ್ತದಲ್ಲಿ ಪ್ರತಿಕಾಯ (ಆಂಟಿಬಾಡಿ) ಮಟ್ಟ 6 mIU/mL ಬಂದರೆ (10 ಇರಬೇಕು) ಅದನ್ನು ನೈಟ್ ಡ್ಯೂಟಿಯ ತಲೆಗೆ ಕಟ್ಟಬಹುದಾ? ಇಂಥ ಪಟ್ಟಿಯಲ್ಲಿ ನಿದ್ದೆ ಹೊಂದಿಸೋದು ಹೇಗೆ?

"ಇಪ್ಪತ್ತು ವರ್ಷ ನೈಟ್ ಮಾಡಿದೀನಿ, ನಂಗೇನೂ ಆಗಿಲ್ಲ" ಅನ್ನೋ ಉತ್ತರ ದಯವಿಟ್ಟು ಬೇಡ.

---

ದುಗ್ಧಗ್ರಂಥಿ:

ಮೊದಲ ಪ್ರಶ್ನೆಗೆ ನನ್ನ ಉತ್ತರ. ರೋಗನಿರೋಧಕ ಶಕ್ತಿ ಅನ್ನೋದು ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಅಲ್ಲ, ಮಟ್ಟ ಇಳಿಯಿತು, ಏರಿತು ಅನ್ನೋಕೆ. ನಿದ್ದೆಗೆಟ್ಟಾಗ ಅದು ಒಂದು ಕಡೆ ಸಡಿಲವಾಗುತ್ತೆ, ಇನ್ನೊಂದು ಕಡೆ ಬೇಡದ ಹೊತ್ತಲ್ಲಿ ಕೆರಳುತ್ತೆ. ಎರಡೂ ಒಟ್ಟಿಗೆ.

ರಾತ್ರಿ ನೆಟ್ಟಗೆ ಮಲಗಿದವರಲ್ಲಿ ಏನಾಗುತ್ತೆ ನೋಡಿ. ನಿದ್ದೆಯ ಮೊದಲರ್ಧದಲ್ಲಿ ಗಾಢ ನಿದ್ದೆ ಹೆಚ್ಚು. ಆಗ ಒತ್ತಡದ ಹಾರ್ಮೋನು ಕಾರ್ಟಿಸೋಲ್ ತನ್ನ ಕನಿಷ್ಠ ಮಟ್ಟದಲ್ಲಿರುತ್ತೆ, ಬೆಳವಣಿಗೆಯ ಹಾರ್ಮೋನು ಮತ್ತು ಪ್ರೊಲ್ಯಾಕ್ಟಿನ್ ಏರುತ್ತವೆ. ಟಿ ಕಣಗಳು (ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಒಂದು ಬಗೆ) ರಕ್ತದಿಂದ ಹೊರಟು ದುಗ್ಧಗ್ರಂಥಿಗಳ ಕಡೆ ಹೋಗ್ತವೆ. ಮೂಗು, ಗಂಟಲು, ಅಥವಾ ಲಸಿಕೆ ಚುಚ್ಚಿದ ತೋಳಿನಿಂದ ವೈರಸ್ಸಿನ ತುಣುಕು ಹೊತ್ತು ತರುವ ಡೆಂಡ್ರಿಟಿಕ್ ಕಣಗಳು ಟಿ ಕಣಗಳಿಗೆ "ಇವನೇ ನೋಡು" ಅಂತ ತೋರಿಸೋ ಜಾಗ ಅದು. ಕಾರ್ಟಿಸೋಲ್ ಕಡಿಮೆ ಇರುವಾಗ ಈ ಪರಿಚಯದ ಕೆಲಸ ಸರಾಗ. ರಾತ್ರಿಯಿಡೀ ಎಚ್ಚರವಿದ್ದರೆ ಟಿ ಕಣಗಳು ರಕ್ತದಲ್ಲೇ ಸುತ್ತುತ್ತಾ ಉಳೀತವೆ. ಹಾಗಾಗಿ ನಿದ್ದೆಗೆಟ್ಟವರ ರಕ್ತಪರೀಕ್ಷೆಯಲ್ಲಿ ಲಿಂಫೋಸೈಟ್ ಸಂಖ್ಯೆ ಚೆನ್ನಾಗೇ ಕಾಣಬಹುದು. ಅದು ಸಂತೋಷಪಡುವ ವಿಷಯವಲ್ಲ, ಕೆಲಸಗಾರರು ಕೆಲಸಕ್ಕೆ ಹೋಗದೆ ಬಸ್‌ಸ್ಟ್ಯಾಂಡಲ್ಲೇ ನಿಂತ ಹಾಗೆ.

ಎರಡನೆಯದು ಹಿಡಿತ. ವೈರಸ್ ಹೊಕ್ಕ ಕಣವನ್ನು ಕೊಲ್ಲಬೇಕಾದರೆ ಟಿ ಕಣ ಅದಕ್ಕೆ ಅಂಟಿಕೊಳ್ಳಬೇಕು. ಅಂಟಿಸೋದು ಇಂಟೆಗ್ರಿನ್ ಅನ್ನೋ ಪ್ರೋಟೀನು. 2019ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ತಂಡವೊಂದು ತೋರಿಸಿದ್ದು ಇದನ್ನೇ: ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್, ಪ್ರೊಸ್ಟಾಗ್ಲಾಂಡಿನ್‌ಗಳು ಇಂಟೆಗ್ರಿನ್ ಚುರುಕಾಗೋದನ್ನ ತಡೀತವೆ. ನಿದ್ದೆಯಲ್ಲಿ ಇವು ಇಳಿಯೋದರಿಂದ ಹಿಡಿತ ಬಿಗಿಯಾಗುತ್ತೆ. ಅದೇ ಹೊತ್ತಿನಲ್ಲಿ ಎಚ್ಚರ ಇದ್ದವರ ಟಿ ಕಣಗಳಲ್ಲಿ ಆ ಬಿಗಿ ಕಡಿಮೆ ಇತ್ತು.

ಮೂರನೆಯದು ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳು, ಸೋಂಕು ತಗಲಿದ ಕಣಗಳನ್ನು ಕೊಲ್ಲೋ ಇನ್ನೊಂದು ಬಗೆ. ಇವು ಪರಿಚಯಕ್ಕೆ ಕಾಯೋದಿಲ್ಲ, ಸೋಂಕು ತಗಲಿದ ಮೊದಲ ದಿನಗಳಲ್ಲೇ ಕೆಲಸಕ್ಕಿಳೀತವೆ. 1994ರ ಒಂದು ಪ್ರಯೋಗದಲ್ಲಿ 23 ಆರೋಗ್ಯವಂತ ಗಂಡಸರನ್ನು ಬೆಳಗಿನ ಜಾವ 3ರಿಂದ 7ರವರೆಗೆ ಎಚ್ಚರ ಇಟ್ಟರು. 18 ಜನರಲ್ಲಿ ಎನ್‌ಕೆ ಕಣಗಳ ಕೊಲ್ಲುವ ಶಕ್ತಿ ಸರಾಸರಿ ಮೊದಲಿದ್ದದ್ದರ 72%ಕ್ಕೆ ಇಳೀತು. ಇಡೀ ರಾತ್ರಿಯ ನಿದ್ದೆಗೇಡಲ್ಲ, ಕೊನೆಯ ನಾಲ್ಕು ಗಂಟೆ ಮಾತ್ರ. ಮರುರಾತ್ರಿ ಮಲಗಿದ ಮೇಲೆ ಮೊದಲಿನ ಮಟ್ಟಕ್ಕೆ ಬಂತು.

ಇನ್ನು ಕೆರಳೋದು. ನಿದ್ದೆ ಅರ್ಧಂಬರ್ಧವಾದ ಮರುಬೆಳಿಗ್ಗೆ ಬಿಳಿ ರಕ್ತಕಣಗಳು ಐಎಲ್-6, ಟಿಎನ್ಎಫ್ ಥರದ ಉರಿಯೂತದ ಸಂದೇಶಗಳನ್ನು ಹೆಚ್ಚು ತಯಾರಿಸ್ತವೆ. ನೆಗಡಿಯಲ್ಲಿ ಮೂಗು ಸೋರೋದು, ಕಟ್ಟೋದು, ಗಂಟಲು ಉರಿಯೋದು ಬಹುಪಾಲು ವೈರಸ್ಸಿನ ಕೆಲಸವಲ್ಲ, ನಮ್ಮದೇ ಉರಿಯೂತದ ಕೆಲಸ. ಆದ್ದರಿಂದ ನಿದ್ದೆಗೆಟ್ಟವರಿಗೆ ಅದೇ ವೈರಸ್ಸಿಂದ ಹೆಚ್ಚು ಕಾಯಿಲೆಯಾಗೋದಕ್ಕೆ "ರಕ್ಷಣೆ ಕಮ್ಮಿ" ಅನ್ನೋ ಒಂದೇ ಕಾರಣ ಸಾಲದು.

---

ಲೆಕ್ಕದಪುಸ್ತಕ:

ಮೇಲಿನವರು ಕಣಗಳ ಬಗ್ಗೆ ಹೇಳಿದ್ದಾರೆ, ಮನುಷ್ಯರಿಗೆ ಏನಾಗುತ್ತೆ ಅನ್ನೋದಕ್ಕೆ ಎರಡು ಪ್ರಯೋಗ ನೋಡಬೇಕು. ಎರಡರಲ್ಲೂ ಆರೋಗ್ಯವಂತರ ಮೂಗಿಗೆ ರೈನೋವೈರಸ್ ಹನಿ ಬಿಟ್ಟು, ಪ್ರತ್ಯೇಕವಾಗಿ ಇಟ್ಟು, ಐದು ದಿನ ಗಮನಿಸಿದರು.

2009ರದ್ದು, ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ತಂಡದ್ದು, 153 ಜನ. ವೈರಸ್ ಕೊಡುವ ಮುಂಚೆ 14 ದಿನ ದಿನವೂ ನಿದ್ದೆಯ ವಿವರ ಕೇಳಿದ್ದರು. ಎಂಟು ಗಂಟೆ ಅಥವಾ ಹೆಚ್ಚು ಮಲಗುವವರಿಗೆ ಹೋಲಿಸಿದರೆ, ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿಯ ಆಡ್ಸ್ (ಅರ್ಥ ಕೆಳಗಿದೆ) 2.94 ಪಟ್ಟು. 2015ರದ್ದು 164 ಜನರ ಪ್ರಯೋಗ, ನಿದ್ದೆಯನ್ನು ಮಣಿಕಟ್ಟಿನ ಉಪಕರಣದಿಂದ ಏಳು ರಾತ್ರಿ ಅಳೆದರು, ಬಾಯಿಮಾತಿನ ಲೆಕ್ಕ ಅಲ್ಲ. ಐದು ಗಂಟೆಗಿಂತ ಕಡಿಮೆ ಇದ್ದವರಿಗೆ 4.5 ಪಟ್ಟು, ಐದರಿಂದ ಆರು ಗಂಟೆಯವರಿಗೆ 4.24 ಪಟ್ಟು, ಏಳಕ್ಕಿಂತ ಹೆಚ್ಚು ಮಲಗಿದವರಿಗೆ ಹೋಲಿಸಿ. ಆರರಿಂದ ಏಳು ಗಂಟೆಯವರಲ್ಲಿ ಖಚಿತವಾದ ವ್ಯತ್ಯಾಸ ಸಿಗಲಿಲ್ಲ.

ವಾಟ್ಸಾಪ್‌ನಲ್ಲಿ ಇದು "ಕಡಿಮೆ ಮಲಗಿದ್ರೆ ನಾಲ್ಕೂವರೆ ಪಟ್ಟು ಜನರಿಗೆ ನೆಗಡಿ" ಅಂತ ಓಡಾಡುತ್ತೆ. ತಪ್ಪು. ಇವು ಆಡ್ಸ್ ಅನುಪಾತಗಳು. ಉದಾಹರಣೆಗೆ ಚೆನ್ನಾಗಿ ಮಲಗುವ 100 ಜನರಲ್ಲಿ 20 ಜನರಿಗೆ ನೆಗಡಿ ಬಂತು ಅನ್ನಿ. ಆಡ್ಸ್ ಅಂದರೆ ಬಂದವರು ಭಾಗಿಸು ಬಾರದವರು: 20 ಭಾಗಿಸು 80, ಅಂದರೆ 0.25. ಅದರ ನಾಲ್ಕೂವರೆ ಪಟ್ಟು 1.125. ಅದನ್ನು ವಾಪಸ್ ತಲೆಲೆಕ್ಕಕ್ಕೆ ತಿರುಗಿಸಿದರೆ 100ರಲ್ಲಿ 53. ಅಂದರೆ 20ರ ಜಾಗದಲ್ಲಿ 53, ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ನಾಲ್ಕೂವರೆ ಅಲ್ಲ. ಅಷ್ಟಾದರೂ ದೊಡ್ಡ ವ್ಯತ್ಯಾಸವೇ, ಉಬ್ಬಿಸೋ ಅಗತ್ಯ ಇಲ್ಲ.

ನೈಟ್‌ನವರು ಗಮನಿಸಬೇಕಾದ್ದು 2009ರ ಪ್ರಯೋಗದ ಇನ್ನೊಂದು ಅಂಕಿ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿಜವಾಗಿ ನಿದ್ದೆ ಮಾಡಿದ್ದು ಎಷ್ಟು ಶೇಕಡಾ ಅನ್ನೋದು. 98% ಅಥವಾ ಹೆಚ್ಚು ಇದ್ದವರಿಗೆ ಹೋಲಿಸಿದರೆ 92%ಕ್ಕಿಂತ ಕಡಿಮೆ ಇದ್ದವರಿಗೆ ನೆಗಡಿಯ ಆಡ್ಸ್ 5.5 ಪಟ್ಟು. ಎಂಟು ಗಂಟೆ ಅಂದರೆ 480 ನಿಮಿಷ. 98% ಅಂದರೆ ಸುಮಾರು 10 ನಿಮಿಷ ಎಚ್ಚರ, 92% ಅಂದರೆ 38 ನಿಮಿಷ ಎಚ್ಚರ. ಅಷ್ಟೇ ಅಂತರ! ಹಗಲು ಮಲಗುವವರಿಗೆ ಕುಕ್ಕರ್ ಸೀಟಿ, ಕಾಲಿಂಗ್ ಬೆಲ್, ತರಕಾರಿ ಗಾಡಿಯವನ ಕೂಗು ಸೇರಿದರೆ 38 ನಿಮಿಷ ದಾಟೋದು ಏನೂ ಕಷ್ಟ ಇಲ್ಲ. ಗಂಟೆಗಳ ಲೆಕ್ಕ ಸರಿಯಿದ್ದೂ ಕಾಯಿಲೆ ಬೀಳುವವರಲ್ಲಿ ನಾನು ಮೊದಲು ಕೇಳೋದು ಎಷ್ಟು ಸಲ ಎದ್ದಿರಿ ಅಂತ, ಆಮೇಲೆ ಗೊರಕೆ ಇದೆಯಾ ಅಂತ. ಒಂದು ಎಚ್ಚರಿಕೆ: ಈ ಶೇಕಡಾ ಬಾಯಿಮಾತಿನದು. ಕೈಗೆ ಕಟ್ಟೋ ವಾಚು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ತೋರಿಸುತ್ತೆ, ಅದರ 88% ನೋಡಿ ಗಾಬರಿಯಾಗಬೇಡಿ.

ಇನ್ನೊಂದು ಮಾತು. ಮೊದಲ ಪ್ರಯೋಗದಲ್ಲಿ 153ರಲ್ಲಿ 135 ಜನರಿಗೆ ಸೋಂಕು ತಗಲಿತ್ತು, ನೆಗಡಿ ಬಂದಿದ್ದು 54 ಜನರಿಗೆ. ಮೂಗಿಗೇ ವೈರಸ್ ಸುರಿದರೆ ನಿದ್ದೆ ಅದನ್ನು ಬಾಗಿಲಲ್ಲೇ ತಡೆಯಲ್ಲ, ಒಳಗೆ ಬಂದ ಮೇಲಿನ ಜಗಳದಲ್ಲಿ ಅದರ ಪಾತ್ರ. ಬಾಗಿಲು ಕಾಯೋದು ಮಾಸ್ಕು, ಕೈತೊಳೆಯೋದು.

---

ಚಂದ್ರು_ಕೋಲಾರ:

ಭಾನುವಾರ 12 ಗಂಟೆ ಹೊಡೆದರೆ ವಾರದ್ದೆಲ್ಲ ಚುಕ್ತಾ ಆಗಲ್ವಾ? ಜೊತೆಗೆ ಅಮೃತಬಳ್ಳಿ ಕಷಾಯ.

---

ದುಗ್ಧಗ್ರಂಥಿ:

ಎನ್‌ಕೆ ಕಣಗಳ ಮಟ್ಟಿಗೆ ಒಂದು ರಾತ್ರಿಯಲ್ಲಿ ವಾಪಸ್ ಬಂದದ್ದು ನಿಜ. ಆದರೆ ಅದು ಒಂದೇ ರಾತ್ರಿಯ ಸಾಲ. ವೈರಸ್ ಭಾನುವಾರದ ತನಕ ಕಾಯಲ್ಲ, ಬುಧವಾರ ಬಂದರೆ ಬುಧವಾರದ ಸ್ಥಿತಿಯಲ್ಲೇ ಎದುರಿಸಬೇಕು. ಸಾಲ ಮಾಡಿದ ದಿನವೇ ಸ್ವಲ್ಪ ತೀರಿಸೋದು ಮೇಲು: 2015ರ ಒಂದು ಸಣ್ಣ ಪ್ರಯೋಗದಲ್ಲಿ 11 ಗಂಡಸರು ಎರಡೇ ಗಂಟೆ ಮಲಗಿದ ಮರುದಿನ ಅವರ ನಾರ್‌ಅಡ್ರಿನಾಲಿನ್ ಎರಡೂವರೆ ಪಟ್ಟು ಏರಿತ್ತು. ಹಗಲು ಅರ್ಧರ್ಧ ಗಂಟೆಯ ಎರಡು ಜೊಂಪು ಕೊಟ್ಟಾಗ ಆ ಏರಿಕೆ ಕಾಣಲಿಲ್ಲ. ಕಷಾಯ ನಿದ್ದೆಯ ಜಾಗ ತುಂಬಲ್ಲ.

---

ಶೀತಲಸರಪಳಿ:

ಲಸಿಕೆಯ ಪ್ರಶ್ನೆಗಳಿಗೆ.

ಫ್ಲೂ: 2002ರ ಷಿಕಾಗೊ ಪ್ರಯೋಗವನ್ನು ಎಲ್ಲರೂ ಹೇಳ್ತಾರೆ, ಅರ್ಧ ಮಾತ್ರ. 11 ಯುವಕರಿಗೆ ಆರು ರಾತ್ರಿ ನಾಲ್ಕೇ ಗಂಟೆ ನಿದ್ದೆ, ನಾಲ್ಕನೇ ರಾತ್ರಿಯ ನಂತರ ಲಸಿಕೆ. ಹತ್ತನೇ ದಿನ ಅವರ ಪ್ರತಿಕಾಯ, ಮಾಮೂಲಾಗಿ ಮಲಗಿದ 14 ಜನರಲ್ಲಿದ್ದ ಮಟ್ಟದ ಅರ್ಧಕ್ಕಿಂತ ಕಡಿಮೆ. ಉಳಿದರ್ಧ: ಮೂರು ನಾಲ್ಕು ವಾರಕ್ಕೆ ಇಬ್ಬರೂ ಸಮ. ಅಂದರೆ ರಕ್ಷಣೆ ಬರಲೇ ಇಲ್ಲ ಅಂತಲ್ಲ, ತಡವಾಗಿ ಬಂತು. ಫ್ಲೂ ಆಗಲೇ ವಾರ್ಡಿನಲ್ಲಿ ಹರಿದಾಡುತ್ತಿದ್ದರೆ ಆ ಎರಡು ವಾರವೇ ದುಬಾರಿ. ಋತುವಿಗೆ ಒಂದು ತಿಂಗಳು ಮುಂಚೆ ಹಾಕಿಸಿದ್ದರೆ ಲೆಕ್ಕಕ್ಕಿಲ್ಲ. 2012ರ ಇನ್ನೊಂದರಲ್ಲಿ ಎಚ್1ಎನ್1 ಲಸಿಕೆಯ ರಾತ್ರಿ ಪೂರ್ತಿ ಎಚ್ಚರವಿದ್ದ ಗಂಡಸರಲ್ಲಿ ಐದನೇ ದಿನ ಪ್ರತಿಕಾಯ ಕಡಿಮೆ ಇತ್ತು, ಆಮೇಲೆ ಸರಿಹೋಯಿತು. ಹೆಂಗಸರಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಮುಂಚಿನದೋ ನಂತರದ್ದೋ ಅಂದರೆ ಎರಡೂ. 83 ಯುವಜನರನ್ನು ನೋಡಿದ ಅಧ್ಯಯನದಲ್ಲಿ ಫ್ಲೂ ಲಸಿಕೆಯ ಮುಂಚಿನ ಎರಡು ರಾತ್ರಿಗಳ ನಿದ್ದೆಗೆ ಒಂದು ತಿಂಗಳು, ನಾಲ್ಕು ತಿಂಗಳ ನಂತರದ ಪ್ರತಿಕಾಯದ ಜೊತೆ ಸಂಬಂಧ ಕಂಡಿತು. ಜರ್ಮನಿಯ ಲ್ಯೂಬೆಕ್‌ನಲ್ಲಿ 2003ರಲ್ಲಿ ಹೆಪಟೈಟಿಸ್ ಎ ಲಸಿಕೆಯ ನಂತರದ ಒಂದೇ ರಾತ್ರಿ ಮಲಗಿದವರಿಗೂ ಎಚ್ಚರವಿದ್ದವರಿಗೂ ನಾಲ್ಕು ವಾರಕ್ಕೆ ಪ್ರತಿಕಾಯದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ. ನೈಟ್ ಇಳಿದ ಬೆಳಿಗ್ಗೆ ಚುಚ್ಚಿಸಿಕೊಂಡು ಸಂಜೆ ಮತ್ತೆ ನೈಟ್‌ಗೆ ಹೋಗುವವರು ಈ ಎರಡನ್ನೂ ಕಳ್ಕೊಳ್ತಾರೆ. ನಿಮ್ಮ ಪಟ್ಟಿಯಲ್ಲಿ ಒಳ್ಳೆಯ ದಿನ ಎರಡು ರಜೆ ಕಳೆದು ಹಗಲು ಪಾಳಿ ಶುರುವಾದ ದಿನ: ಹಿಂದೆ ಎರಡು ರಾತ್ರಿಯ ನಿದ್ದೆ ಆಗಿರುತ್ತೆ, ಮುಂದಿನ ರಾತ್ರಿಗಳೂ ಕೈಯಲ್ಲಿರುತ್ತವೆ.

ಹೆಪಟೈಟಿಸ್ ಬಿ ಕಥೆ ಬೇರೆ. ನಿದ್ದೆಗೂ ಅದಕ್ಕೂ ಸಂಬಂಧ ಇದೆ: 2012ರ 125 ಜನರ ಅಧ್ಯಯನದಲ್ಲಿ ಸರಾಸರಿ ಆರು ಗಂಟೆಗಿಂತ ಕಡಿಮೆ ಮಲಗುವವರು 10ರ ಗಡಿ ಮುಟ್ಟದೆ ಉಳಿಯುವ ಸಂಭವ ತುಂಬಾ ಹೆಚ್ಚಿತ್ತು. ಆದರೆ ಒಬ್ಬರ ವರದಿಯಲ್ಲಿ 6 ಬಂದರೆ ನೇರ ನೈಟ್ ಡ್ಯೂಟಿಗೆ ಶನಿ ಹಚ್ಚಬೇಡಿ. ಮೊದಲು ಇವನ್ನು ನೋಡಿ.

ಪರೀಕ್ಷೆ ಯಾವಾಗ ಮಾಡಿದ್ದು? ಅಳೆಯಬೇಕಾದ್ದು ಮೂರನೇ ಡೋಸ್ ಆದ ಒಂದರಿಂದ ಎರಡು ತಿಂಗಳೊಳಗೆ. ಐದು ವರ್ಷ ಬಿಟ್ಟು ಅಳೆದು 6 ಬಂದರೆ ಅದು ಲಸಿಕೆ ಹಿಡಿಯಲಿಲ್ಲ ಅಂತಲ್ಲ, ಏರಿ ಇಳಿದಿರಬಹುದು. ನೆನಪಿನ ಕಣಗಳು ಉಳಿದಿರ್ತವೆ.

ಚುಚ್ಚಿದ್ದು ಎಲ್ಲಿಗೆ? ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ, ವಯಸ್ಕರಿಗೆ ಸಾಮಾನ್ಯವಾಗಿ 25 ಮಿ.ಮೀ. ಸೂಜಿಯಲ್ಲಿ. ಪೃಷ್ಠಕ್ಕೆ ಕೊಟ್ಟರೆ ಔಷಧಿ ಕೊಬ್ಬಿನಲ್ಲಿ ಕೂತುಬಿಡುತ್ತೆ, ಪ್ರತಿಕಾಯ ಕಡಿಮೆ ಬರುತ್ತೆ.

ಬಾಟಲಿ ಹೆಪ್ಪುಗಟ್ಟಿತ್ತಾ? ನನ್ನ ಪ್ರಕಾರ ಎಲ್ಲರೂ ಮರೆಯೋದು ಇದನ್ನೇ. ಈ ಲಸಿಕೆ ಅಲ್ಯುಮಿನಿಯಂ ಲವಣಕ್ಕೆ ಅಂಟಿಸಿದ್ದು, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟುತ್ತೆ, ಕರಗಿಸಿದ ಮೇಲೆ ನೋಡೋಕೆ ಹಾಗೇ ಇದ್ದರೂ ಶಕ್ತಿ ಹೋಗಿರುತ್ತೆ. ಮನೆಬಳಕೆಯ ಫ್ರಿಜ್ಜಿನಲ್ಲಿ ಫ್ರೀಜರ್‌ಗೆ ಒತ್ತಿಕೊಂಡು ಇಟ್ಟಾಗ, ಐಸ್‌ಪ್ಯಾಕನ್ನು ಬೆವರು ಬಿಡುವ ತನಕ ಹೊರಗಿಡದೆ ನೇರ ಲಸಿಕೆ ಡಬ್ಬಿಗೆ ಹಾಕಿದಾಗ ಹೀಗಾಗುತ್ತೆ. ಅನುಮಾನ ಬಂದರೆ ಅಲುಗಾಡಿಸಿ ನೋಡುವ ಪರೀಕ್ಷೆ: ಅದೇ ಕಂಪನಿ, ಅದೇ ಬ್ಯಾಚಿನ ಒಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ. ಅನುಮಾನದ ಬಾಟಲಿಯ ಜೊತೆ ಒಟ್ಟಿಗೆ ಕುಲುಕಿ ಮೇಜಿನ ಮೇಲಿಡಿ. ಅನುಮಾನದ್ದರ ತಳದಲ್ಲೂ ಹೆಪ್ಪುಗಟ್ಟಿಸಿದ್ದರಷ್ಟೇ ಬೇಗ ಗಸಿ ಕೂತರೆ ಆ ಬ್ಯಾಚನ್ನು ಪಕ್ಕಕ್ಕಿಡಿ.

ಇದರ ಮೇಲೆ ವಯಸ್ಸು 40 ದಾಟಿರೋದು, ಬೊಜ್ಜು, ಧೂಮಪಾನ. ಇವೂ ಪ್ರತಿಕಾಯವನ್ನು ಇಳಿಸ್ತವೆ.

ಮುಂದೇನು? ಒಂದು ಡೋಸ್ ಕೊಟ್ಟು, ಒಂದೆರಡು ತಿಂಗಳಿಗೆ ಮತ್ತೆ ಅಳೆಯಿರಿ. 10 ದಾಟಿದರೆ ಮುಗೀತು. ಇಲ್ಲದಿದ್ದರೆ ಇನ್ನೆರಡು ಡೋಸ್ ಕೊಟ್ಟು ಎರಡನೇ ಸರಣಿ ಪೂರ್ತಿ ಮಾಡಿ, ಮತ್ತೆ ಅಳೆಯಿರಿ. ಆರು ಡೋಸ್ ಆದರೂ ಬರದವರಿಗೆ ಈಗಾಗಲೇ ಸೋಂಕು ಇದೆಯಾ ಅಂತ ಪರೀಕ್ಷೆ ಆಗಬೇಕು. ಇಲ್ಲದಿದ್ದರೆ ರೋಗಿಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದ ಸಂದರ್ಭದಲ್ಲಿ ಅವರಿಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾಗುತ್ತೆ ಅನ್ನೋದು ಅವರ ಫೈಲಿನಲ್ಲಿ ಬರೆದಿರಬೇಕು. ಈ ಪುನರಾವರ್ತನೆಯ ಡೋಸ್‌ಗಳನ್ನಾದರೂ ಹಗಲು ಪಾಳಿಯ ವಾರದಲ್ಲಿ ಕೊಡಿ.

---

ಪಾಳಿಪಂಚಾಂಗ:

ಪಟ್ಟಿಯ ಬಗ್ಗೆ. 8ರಿಂದ 8ರ ನೈಟ್ ಅಂದರೆ ಐದು ಗಂಟೆಯನ್ನು ಏಳು ಮಾಡಲು ಹೋರಾಡಬೇಡಿ, ಹಗಲು ದೇಹದ ಗಡಿಯಾರ ಬಿಡಲ್ಲ. ಎರಡು ತುಂಡು ಮಾಡಿ. ಬೆಳಿಗ್ಗೆ 9.15ರಿಂದ 2.15, ಆಮೇಲೆ ಸಂಜೆ 5.15ರಿಂದ 6.45. ಒಟ್ಟು ಆರೂವರೆ. ಸಂಜೆಯ ತುಂಡನ್ನು "ಸುಮ್ನೆ ಮಲಗೋದು" ಅಂತ ಬಿಟ್ಟುಬಿಡ್ತಾರೆ. ರಾತ್ರಿ ಮೂರರ ಮಂಪರು ತಗ್ಗಿಸೋದು ಅದೇ.

ಡ್ಯೂಟಿಯಲ್ಲಿ ನಿಯಮ ಬಿಡುತ್ತದೆ, ನೋಡಿಕೊಳ್ಳಲು ಇನ್ನೊಬ್ಬರಿದ್ದಾರೆ ಅಂದರೆ 2ರಿಂದ 4ರ ನಡುವೆ 20 ನಿಮಿಷದ ಜೊಂಪು. ಅಲಾರಂ ಇರಲಿ. ಎದ್ದ ತಕ್ಷಣ ಇನ್ಸುಲಿನ್ ಲೆಕ್ಕ ಹಾಕಬೇಡಿ, ತಲೆ ತಿಳಿಯಾಗಲು 15–30 ನಿಮಿಷ ಬೇಕು. 40–50 ನಿಮಿಷ ಮಲಗಿದರೆ ಗಾಢ ನಿದ್ದೆಯ ನಡುವಿಂದ ಎಬ್ಬಿಸಿದಂತಾಗಿ ಮಂಪರು ಇನ್ನೂ ಹೆಚ್ಚು.

ಕಾಫಿ: ಕೊನೆಯದು ರಾತ್ರಿ 3ಕ್ಕೆ. ಮಲಗುವ ಆರು ಗಂಟೆ ಮುಂಚೆ 400 ಮಿ.ಗ್ರಾಂ. ಕೆಫೀನ್ ಸೇವಿಸಿದರೂ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿತ ಆಗೋದು ಅಳತೆಯಲ್ಲಿ ಕಂಡಿದೆ. 400 ಅಂದರೆ ದೊಡ್ಡ ಪ್ರಮಾಣವೇ, ಆದರೆ ಚಿಕ್ಕ ಲೋಟದಲ್ಲಿ ನಾಲ್ಕೈದು ಸಲ ಕುಡಿಯುವವರು ಅದರ ಹತ್ತಿರ ಹೋಗಬಹುದು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಅರ್ಧಕ್ಕರ್ಧ ಚಿಕೋರಿ ಪುಡಿಯ ಕಾಫಿ ಅಪ್ಪಟ ಪುಡಿಯ ಕಾಫಿಗಿಂತ ಹಗುರ. ಬೆಳಿಗ್ಗೆ 7ರ "ಕೈಬದಲಿಸೋ ಕಾಫಿ"ಯೇ ದೊಡ್ಡ ಕಳ್ಳ.

ಕೋಣೆ: ಕಪ್ಪು ಬಟ್ಟೆ ಕಿಟಕಿಯ ಚೌಕಟ್ಟಿಗೆ ತಾಗಬೇಕು, ಅಂಚಿನ ಬಿಸಿಲೇ ಸಾಕು ಎಬ್ಬಿಸೋಕೆ. ಫ್ಯಾನಿನ ಸದ್ದು ಬೀದಿಯ ಸದ್ದನ್ನು ಮುಚ್ಚುತ್ತೆ. ಫೋನಿನಲ್ಲಿ ಎರಡೇ ನಂಬರ್ ರಿಂಗ್ ಆಗುವಂತೆ ಇಡಿ. ತಿಂಡಿ ಎರಡು ಇಡ್ಲಿ, ಪೂರಿ ಸಾಗು ಬೇಡ. ನಿದ್ದೆಗೆಂದು ಶೀತದ ಮಾತ್ರೆ ನುಂಗೋ ಅಭ್ಯಾಸ ಬಿಡಿ: ಅದರಲ್ಲಿರೋ ಕ್ಲೋರ್‌ಫೆನಿರಮಿನ್‌ನ ಮಂಪರು ರಾತ್ರಿ ಡ್ಯೂಟಿಯ ತನಕ ಉಳಿಯಬಹುದು. ಮದ್ಯ ಬೇಗ ಮಲಗಿಸಿ ನಡುವೆ ಎಬ್ಬಿಸುತ್ತೆ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅಂತ ಗಾದೆ ಮಾಡಿದವರು ಅಪಾರ್ಟ್‌ಮೆಂಟಿನಲ್ಲಿ ಡ್ರಿಲ್ಲಿಂಗ್ ಕೇಳಿರಲಿಲ್ಲ.

ಕೊನೆಯ ನೈಟ್ ಇಳಿದ ದಿನ ಬೆಳಿಗ್ಗೆ ಒಂದೂವರೆ ಗಂಟೆಯಷ್ಟೇ ಮಲಗಿ, ಎದ್ದು ಬೆಳಕಿನಲ್ಲಿರಿ, ರಾತ್ರಿ 9.30ಕ್ಕೆ ಮಲಗಿ. ಆ ದಿನ ಮಧ್ಯಾಹ್ನದ ತನಕ ಮಲಗಿದರೆ ರಾತ್ರಿ ಬರಲ್ಲ, ಎರಡು ರಜೆಯೂ ಹಾಳು, ಮೇಲಿನವರು ಹೇಳಿದ "ಹಿಂದಿನ ಎರಡು ರಾತ್ರಿ"ಯೂ ಹೋಯಿತು.

---

ವಾರ್ಡ್‌ರಾತ್ರಿ:

ತುಂಬಾ ಸ್ಪಷ್ಟ ಆಯ್ತು. ಒಂದೇ ಅನುಮಾನ ಉಳಿದಿದೆ. ಫ್ಲೂ ಶಿಬಿರ ಒಂದೇ ದಿನ, ಅದೂ ನಾಲ್ಕನೇ ನೈಟ್ ಇಳಿಯುವ ಬೆಳಿಗ್ಗೆ. ಬಿಟ್ಟರೆ ಈ ಸಲಕ್ಕೆ ಇಲ್ಲ ಅಂದಾಗ?

---

ಶೀತಲಸರಪಳಿ:

ಹಾಕಿಸಿಕೊಳ್ಳಿ. ತಡವಾಗಿ ಬರುವ ಪ್ರತಿಕಾಯ, ಬಾರದೇ ಇರುವ ಪ್ರತಿಕಾಯಕ್ಕಿಂತ ಮೇಲು. ಮೊದಲ ಎರಡು ಮೂರು ವಾರ ಕೆಮ್ಮುವ ರೋಗಿಗಳ ಹತ್ತಿರ ಮಾಸ್ಕ್ ತೆಗೆಯಬೇಡಿ, ಅಷ್ಟೇ. ಸಾಧ್ಯವಾದರೆ ಆ ಒಂದು ರಾತ್ರಿ ಡ್ಯೂಟಿ ಅದಲುಬದಲು ಮಾಡಿಕೊಂಡು ಮಲಗಿ. ಶಿಬಿರ ನಡೆಸುವವರಿಗೆ ಒಂದು ಮಾತು: ನೈಟ್‌ನವರಿಗಾಗಿ ಹತ್ತು ಡೋಸ್ ಎತ್ತಿಟ್ಟು, ಅವರ ಹಗಲು ಪಾಳಿಯ ವಾರದಲ್ಲಿ ಕೊಟ್ಟರೆ ಯಾರಿಗೂ ನಷ್ಟ ಇಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲಿದ್ದರೆ ಎಕ್ಸ್‌ಪೈರಿ ದಿನಾಂಕದ ತನಕ ಕೆಡಲ್ಲ.

ಜ್ವರ ಇದ್ದರೆ ಆ ದಿನ ಬೇಡ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ನೈಟ್ ಮುಗಿಸಿದವರಿಗೆ ಆ ಕುರ್ಚಿಯಲ್ಲೇ ಕಣ್ಣು ಎಳೆಯುತ್ತೆ. ಅಲ್ಲಿಂದ ಸ್ಕೂಟರ್ ಓಡಿಸಿಕೊಂಡು ಮನೆಗೆ ಹೋಗಬೇಡಿ, ಬಸ್ಸಿಗೋ ಆಟೋಗೋ ಹತ್ತಿ.